ತಾಯಿ ಇಲ್ಲದ ವರ್ಷದ ಎಳ್ಳಮವಾಸ್ಯೆ: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ
ನಮಸ್ಕಾರ. ತಾಯಿಯವರು ತೀರಿಕೊಂಡ ವರ್ಷವೇ ಎಳ್ಳಮವಾಸ್ಯೆಗೆ ಭಜ್ಜಿ (ಹಸಿ ಕಾಳು, ಸೊಪ್ಪು ಹಾಕಿ ಕುದಿಸುವ ಹಬ್ಬದ ಅಡುಗೆ) ಮಾಡಿದರೆ ದುಃಖ ಹೆಚ್ಚೀತೇ ಎಂದು ಕೇಳಿದ್ದೀರಿ. ಸೂತಕದ ನಿಯಮ ಮನೆತನಕ್ಕೊಂದು ಬಗೆ ಇರುವುದರಿಂದ ಮೊದಲು ಹಿರಿಯರನ್ನು ಕೇಳಿರಿ. ಅವರು ಒಪ್ಪಿದರೆ ಖಂಡಿತ ಮಾಡಿರಿ. ನಮ್ಮ ಕಲಬುರಗಿ ಸೀಮೆಯ ಭಜ್ಜಿ ಒಬ್ಬರ ಕೈಯಲ್ಲಿ ಆಗುವ ಅಡುಗೆಯಲ್ಲ: ಹಿಂದಿನ ರಾತ್ರಿಯೇ ಎಲ್ಲರೂ ಕೂತು ಹಸಿ ತೊಗರಿ, ಅವರೆ, ಕಡಲೆ ಸುಲಿಯಬೇಕು, ಬಗೆಬಗೆಯ ತಪ್ಪಲು ಪಲ್ಯ (ಸೊಪ್ಪು) ಸೋಸಬೇಕು, ನಸುಕಿನಲ್ಲಿ ಅವನ್ನೆಲ್ಲ ಕಡಲೆಹಿಟ್ಟು ಕದಡಿದ ಹುಳಿಮಜ್ಜಿಗೆಯೊಂದಿಗೆ ಕುದಿಸಬೇಕು. ಆ ಸುಲಿಯುವ ಹೊತ್ತಿನಲ್ಲಿ ತಾಯಿಯವರ ಮಾತು ತಾನಾಗಿ ಬರುತ್ತದೆ, ಅಳು ಬಂದರೂ ಪಕ್ಕದಲ್ಲಿ ನಮ್ಮವರು ಇರುತ್ತಾರೆ. ನನ್ನ ದೃಷ್ಟಿಯಲ್ಲಿ ಇದೇ ದೊಡ್ಡ ಸಮಾಧಾನ. ಸಜ್ಜೆ ರೊಟ್ಟಿಯನ್ನು ಮಾತ್ರ ಅವರು ಮಾಡುತ್ತಿದ್ದಂತೆಯೇ ಎಳ್ಳು ಹಚ್ಚಿ ತಟ್ಟಿರಿ. ಹೊಲಕ್ಕೆ ಹೋಗಿ ಚರಗ (ಭೂಮಿತಾಯಿಗೆ ಅರ್ಪಿಸುವ ಎಡೆಯ ಅಡುಗೆ) ಚೆಲ್ಲುವಷ್ಟು ಮನಸ್ಸು ಗಟ್ಟಿಯಿಲ್ಲದಿದ್ದರೆ, ಈ ವರ್ಷದ ಮಟ್ಟಿಗೆ ಆ ಕೆಲಸವನ್ನು ಕಾಕಾ ಅವರಿಗೆ ಒಪ್ಪಿಸಬಹುದು.