ಡಾರ್ಕ್‌ರೂಮಿನಲ್ಲಿ ಕಪ್ಪು-ಬಿಳುಪು ಫಿಲ್ಮಿಗೂ ಪ್ರಿಂಟಿನ ಪೇಪರಿಗೂ ಒಂದೇ ಫಿಕ್ಸರ್ (ಡೆವಲಪ್ ಆದ ಚಿತ್ರವನ್ನು ಸ್ಥಿರಗೊಳಿಸುವ ದ್ರಾವಣ) ಸಾಕೇ? ಎಷ್ಟು ಹೊತ್ತು ಇಡಬೇಕು? ಫಿಲ್ಮಿನ ಮೇಲ್ಪದರ ಗಟ್ಟಿಮಾಡುವ ಹಾರ್ಡನರ್ ಬೇಕೇ?

ಬಾಟಲಿ ಒಂದೇ ಸಾಕು, ಕಲಸಿಟ್ಟ ದ್ರಾವಣ ಮಾತ್ರ ಬೇರೆ ಬೇರೆ ಇರಲಿ. ಫಿಲ್ಮಿನಿಂದ ಕರಗಿದ ಬೆಳ್ಳಿಯೂ ಅಯೋಡೈಡೂ ಫಿಕ್ಸರಿನಲ್ಲೇ ಉಳಿಯುತ್ತವೆ. ಲೀಟರಿಗೆ ಐದಾರು ಗ್ರಾಂ ಬೆಳ್ಳಿ ಸೇರಿದ ಮೇಲೂ ಅದು ಫಿಲ್ಮಿಗೆ ನಡೆದೀತು. ಪೇಪರಿಗೆ 2 ಗ್ರಾಂ ದಾಟಿದರೆ ಅಪಾಯ: ಫೈಬರ್ (ಪ್ಲಾಸ್ಟಿಕ್ ಲೇಪವಿಲ್ಲದ) ಪೇಪರಿನ ನಾರಿಗೆ ಹಿಡಿದ ಬೆಳ್ಳಿಯ ಸಂಯುಕ್ತ ಎಷ್ಟು ತೊಳೆದರೂ ಬಿಡದೆ, ಮುಂದೊಂದು ದಿನ ಹಳದಿ ಅಥವಾ ಕಂದು ಕಲೆಯಾಗಿ ಏಳುತ್ತದೆ.

ಕೊಳ್ಳುವುದಾದರೆ ಅಮೋನಿಯಂ ಥಯೋಸಲ್ಫೇಟ್ ಇರುವ ರ‍್ಯಾಪಿಡ್ ಫಿಕ್ಸರನ್ನೇ ಕೊಳ್ಳಿ. ಹೈಪೊ ಹರಳು, ಅಂದರೆ ಸೋಡಿಯಂ ಥಯೋಸಲ್ಫೇಟ್, ಕೂಡ ಕೆಲಸ ಮಾಡುತ್ತದೆ, ಆದರೆ ನಿಧಾನ. (ಅದನ್ನು ಕರಗಿಸುವಾಗ ನೀರು ಗಮನಿಸುವಷ್ಟು ತಣ್ಣಗಾಗುತ್ತದೆ, ಬೆಚ್ಚಗಿನ ನೀರಿನಿಂದ ಶುರುಮಾಡಿ.) ಹಾರ್ಡನರ್ ಇಂದಿನ ಹೆಚ್ಚಿನ ಫಿಲ್ಮುಗಳಿಗೆ ಬೇಡ. ಅದನ್ನು ಹಾಕಿದರೆ ತೊಳೆಯುವ ಹೊತ್ತು ಹೆಚ್ಚುತ್ತದೆ, ಪ್ರಿಂಟಿಗೆ ಟೋನರ್ (ಬಣ್ಣದ ಛಾಯೆ ಬದಲಿಸುವ ದ್ರಾವಣ) ಸರಿಯಾಗಿ ಹತ್ತುವುದಿಲ್ಲ.

ಫಿಲ್ಮಿನ ಸಮಯಕ್ಕೆ ಲೇಬಲ್ಲಿಗಿಂತ ಫಿಲ್ಮಿನ ತುಂಡನ್ನೇ ನಂಬುತ್ತೇನೆ. ಡೆವಲಪ್ ಮಾಡಬೇಕಿರುವ ರೋಲಿನ ತುದಿಯಿಂದ ಸಣ್ಣ ಚೂರು ಕತ್ತರಿಸಿ. ಬೆಳಕಿನಲ್ಲೇ ಅದರ ಮೇಲೆ ಒಂದು ಹನಿ ಫಿಕ್ಸರ್ ಬಿಟ್ಟು, ಅರ್ಧ ನಿಮಿಷ ಕಾದು, ಇಡೀ ಚೂರನ್ನು ಮುಳುಗಿಸಿ, ಸೆಕೆಂಡು ಎಣಿಸುತ್ತಾ ಆಡಿಸುತ್ತಿರಿ. ಹನಿ ಬಿದ್ದ ಜಾಗಕ್ಕೂ ಸುತ್ತಲಿಗೂ ವ್ಯತ್ಯಾಸ ಕಾಣದಾದಾಗ ಎಣಿಕೆ ನಿಲ್ಲಿಸಿ. ಅದರ ಎರಡರಷ್ಟು ಹೊತ್ತು ಫಿಕ್ಸ್ ಮಾಡಿ. ಟಿ-ಮ್ಯಾಕ್ಸ್, ಡೆಲ್ಟಾ ತರಹದ ಚಪ್ಪಟೆ ಹರಳಿನ ಫಿಲ್ಮುಗಳಿಗೆ ಮೂರರಷ್ಟು. ಹೊಸ ಫಿಕ್ಸರಿನಲ್ಲಿ ಬಂದ ಅಂಕಿಯನ್ನು ಬಾಟಲಿಯ ಮೇಲೆ ಬರೆದಿಡಿ. ಅದೇ ಫಿಲ್ಮಿಗೆ ಅದು ದುಪ್ಪಟ್ಟಾದ ದಿನ ಆ ದ್ರಾವಣ ಮುಗಿಯಿತು.

ನೆಗೆಟಿವ್ ಹಾಲುಹಾಲಾಗಿ ಕಂಡರೆ ಗಾಬರಿ ಬೇಡ, ಫಿಕ್ಸಿಂಗ್ ಸಾಲಲಿಲ್ಲ ಅಷ್ಟೇ. ಒಣಗಿದ್ದರೂ ಸರಿ, ಹೊಸ ಫಿಕ್ಸರಿನಲ್ಲಿ ಮತ್ತೆ ಅದ್ದಿ ಚೆನ್ನಾಗಿ ತೊಳೆಯಿರಿ.

ಪೇಪರಿನಲ್ಲಿ ತಪ್ಪು ಕಣ್ಣಿಗೆ ಕಾಣುವುದಿಲ್ಲ, ತೊಂದರೆ ಇರುವುದೇ ಅಲ್ಲಿ. 1+4ರ (ಒಂದು ಪಾಲು ಫಿಕ್ಸರಿಗೆ ನಾಲ್ಕು ಪಾಲು ನೀರು) ರ‍್ಯಾಪಿಡ್ ಫಿಕ್ಸರಿನಲ್ಲಿ ಆರ್‌ಸಿ (ಪ್ಲಾಸ್ಟಿಕ್ ಲೇಪದ) ಪೇಪರಿಗೆ ಅರ್ಧ ನಿಮಿಷ, ಫೈಬರಿಗೆ ಒಂದು ನಿಮಿಷ. 1+9 ಆದರೆ ಎರಡಕ್ಕೂ ಅದರ ದುಪ್ಪಟ್ಟು. ಇನ್ನಷ್ಟು ಇರಲಿ ಎಂದು ಹತ್ತು ನಿಮಿಷ ಬಿಟ್ಟರೆ ಫೈಬರ್ ಪೇಪರ್ ಫಿಕ್ಸರನ್ನು ಹೀರಿಕೊಂಡು ತೊಳೆಯಲು ಸತಾಯಿಸುತ್ತದೆ, ತೆಳು ಛಾಯೆಗಳೂ ಮಾಸುತ್ತವೆ. ಫೈಬರಿಗೆ ಎರಡು ಟ್ರೇ ಇಡುವುದು ಒಳ್ಳೆಯದು: ಮೊದಲನೆಯದರಲ್ಲಿ ಅರ್ಧ ಸಮಯ, ಉಳಿದದ್ದು ಎರಡನೆಯದರಲ್ಲಿ. ಮೊದಲನೆಯದು ಸೋತಾಗ ಅದನ್ನು ತೆಗೆದು, ಎರಡನೆಯದನ್ನು ಮುಂದಕ್ಕೆ ತಂದು, ಅದರ ಜಾಗಕ್ಕೆ ಹೊಸದನ್ನಿಡಿ. ಒಂದು ಲೀಟರಿಗೆ 8×10 ಇಂಚಿನ ಫೈಬರ್ ಹಾಳೆ ಸುಮಾರು 40, ಎಣಿಸುತ್ತಾ ಹೋಗಿ.

ಅನುಮಾನವಿದ್ದರೆ ತೊಳೆದ ಪ್ರಿಂಟಿನ ಬಿಳಿ ಅಂಚಿನ ಮೇಲೆ 1+9ರ ಸೆಲೆನಿಯಂ ಟೋನರ್ ಒಂದು ಹನಿ ಬಿಟ್ಟು, ಎರಡು ಮೂರು ನಿಮಿಷದ ನಂತರ ಒರೆಸಿ. ಕಲೆ ಉಳಿದರೆ ಬೆಳ್ಳಿ ಇನ್ನೂ ಇದೆ.

ಸ್ಟಾಪ್ ಬಾತ್ (ಡೆವಲಪರಿನ ಕೆಲಸ ನಿಲ್ಲಿಸುವ ಆಮ್ಲೀಯ ದ್ರಾವಣ) ಬಿಡಬೇಡಿ: ಡೆವಲಪರಿನ ಕ್ಷಾರ ಆಮ್ಲೀಯ ಫಿಕ್ಸರಿನ ಆಯುಸ್ಸು ತಿನ್ನುತ್ತದೆ. ಫಿಕ್ಸರಿನ ತಳದಲ್ಲಿ ತಿಳಿಹಳದಿ ಪುಡಿ ಕೂತಿದ್ದರೆ ಅದು ಗಂಧಕ, ಸೋಸಿಯೂ ಬಳಸಬೇಡಿ. ಬಳಸಿದ್ದನ್ನು ಚರಂಡಿಗೆ ಸುರಿಯದೆ, ಬೆಳ್ಳಿ ತೆಗೆಯುವವರಿಗೆ ಕೊಡಿ.