ಮೋಟರ್‌ಹೋಮ್ ಬಾಗಿಲು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ಏನು ಮಾಡಲಿ?

ಪ್ರಶ್ನೆ: ಮೋಟರ್‌ಹೋಮನ್ನು ಮನೆ ಪಕ್ಕ ನಿಲ್ಲಿಸಿ ಮನೆಯ ಸಾಕೆಟ್‌ನಿಂದ ಕರೆಂಟ್ ಕೊಟ್ಟಿದ್ದೇನೆ. ಫ್ರಿಜ್, ಚಾರ್ಜರ್ ಎಲ್ಲ ಚೆನ್ನಾಗಿ ಓಡುತ್ತಿವೆ. ಆದರೆ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಚಪ್ಪಲಿ ಹಾಕಿದ್ದರೆ ಏನೂ ಗೊತ್ತಾಗುವುದಿಲ್ಲ. ಗಾಡಿಯ ಲೋಹದ ಬಾಡಿಗೂ ನೆಲಕ್ಕೂ ಮಲ್ಟಿಮೀಟರ್ ಹಿಡಿದರೆ 110 ವೋಲ್ಟ್ ಆಸುಪಾಸು ತೋರಿಸುತ್ತದೆ. ನಮ್ಮದು 230 ವೋಲ್ಟ್ ಲೈನ್. ಗೆಳೆಯರೊಬ್ಬರು ‘ಅದು ಬರೀ ಲೀಕೇಜ್, ತಲೆ ಕೆಡಿಸಿಕೊಳ್ಳಬೇಡಿ’ ಅಂದರು. ನಿಜಾನಾ?

ಉತ್ತರ: ಮೊದಲು ಎದ್ದು ಹೋಗಿ ಮನೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತುಬಿಡಿ. ಆಮೇಲೆ ಮುಂದೆ ಓದಿ.

ನಿಮ್ಮ ಗೆಳೆಯರ ಮಾತು ಅರ್ಧ ನಿಜ. ತೊಂದರೆ ಇರುವುದು ಉಳಿದರ್ಧದಲ್ಲಿ. ಬ್ಯಾಟರಿ ಚಾರ್ಜರ್, ಟಿವಿ ಅಡಾಪ್ಟರ್‌ಗಳ ಒಳಗೆ ಫಿಲ್ಟರ್ ಕೆಲಸಕ್ಕೆ ಪುಟ್ಟ ಕೆಪಾಸಿಟರ್‌ಗಳಿರುತ್ತವೆ, ಇವು ತೀರಾ ಸ್ವಲ್ಪ ಕರೆಂಟನ್ನು ಮಾತ್ರ ಹಾಯಲು ಬಿಡುವ ಬಿಡಿಭಾಗಗಳು. ಒಂದು ಫೇಸ್‌ನಿಂದ ಬಾಡಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ಬಾಡಿಗೆ. ಎರಡೂ ಒಂದೇ ಅಳತೆಯವು. ಬಾಡಿಗೆ ಅರ್ಥಿಂಗ್ ಇಲ್ಲದಿದ್ದರೆ ಅದು ಎರಡರ ನಡುವೆ ತೂಗಾಡುತ್ತದೆ, ಅಂದರೆ 230ರ ಅರ್ಧ, 115. ನಿಮ್ಮ ಮೀಟರ್ ಬಹುಶಃ ಇದನ್ನೇ ತೋರಿಸಿದೆ. ಹೀಗೆ ಸೋರುವ ಕರೆಂಟ್ ತೀರಾ ಕಡಿಮೆ. ಜುಮ್ಮೆನ್ನಿಸುತ್ತದೆ, ಕೊಲ್ಲುವುದಿಲ್ಲ.

ಆದರೆ ಅರ್ಥಿಂಗ್ ಸರಿಯಾಗಿದ್ದರೆ ಈ ಸೋರಿಕೆ ಸದ್ದಿಲ್ಲದೆ ಅದರಲ್ಲೇ ಹರಿದುಹೋಗಬೇಕಿತ್ತು. ಬಾಡಿಯ ಮೇಲೆ ಹೆಚ್ಚೂಕಡಿಮೆ ಸೊನ್ನೆ ವೋಲ್ಟ್ ಇರಬೇಕಿತ್ತು. ಹರಿದುಹೋಗಿಲ್ಲ ಅಂದರೆ ಅರ್ಥ್ ತಂತಿ ಎಲ್ಲೋ ಕಡಿದಿದೆ, ಇಲ್ಲವೇ ಮೊದಲಿಂದಲೂ ಇಲ್ಲ. ನಿಮ್ಮ ಗಾಡಿ ರಬ್ಬರ್ ಚಕ್ರದ ಮೇಲೆ ನಿಂತಿದೆ. ಅದಕ್ಕೂ ಭೂಮಿಗೂ ಇರುವ ನಂಟು ಒಂದೇ, ಕೇಬಲ್ಲಿನ ಆ ಮೂರನೇ ತಂತಿ.

ಮೋಟರ್‌ಹೋಮ್ ಅಂದರೆ ಅಲುಗಾಡುವ ಮನೆ. ಸಾವಿರಾರು ಕಿಲೋಮೀಟರ್ ಕುಲುಕಾಟದಲ್ಲಿ ತಂತಿ ಉಜ್ಜಿ ಸವೆಯುತ್ತದೆ, ಸ್ಕ್ರೂ ಸಡಿಲವಾಗುತ್ತದೆ. ನಾಳೆ ಫೇಸ್ ತಂತಿ ನೇರವಾಗಿ ಬಾಡಿಗೆ ತಗುಲಿತು ಅಂತ ಇಟ್ಟುಕೊಳ್ಳಿ. ಆಗ ಪೂರ್ತಿ 230 ವೋಲ್ಟ್, ತಡೆಯಲು ಕೆಪಾಸಿಟರೂ ಇಲ್ಲ. ಒದ್ದೆ ನೆಲದಲ್ಲಿ ಬರಿಗಾಲಲ್ಲಿರುವ ನಿಮ್ಮ ಮೈಯ ತಡೆ 1000 ಓಮ್ ಅಂತ ಲೆಕ್ಕ ಹಾಕಿದರೆ 230 ಮಿಲಿಆಂಪ್ ಹರಿಯುತ್ತದೆ. 10 ಮಿಲಿಆಂಪ್ ಸುತ್ತಮುತ್ತಲೇ ಕೈ ಬಿಗಿದುಕೊಂಡು ಹಿಡಿ ಬಿಡಲು ಆಗುವುದಿಲ್ಲ. 30 ದಾಟಿ ಸ್ವಲ್ಪ ಹೊತ್ತು ಹರಿದರೆ ಎದೆಬಡಿತಕ್ಕೇ ಕುತ್ತು. ಇವತ್ತಿನ ಜುಮ್ ನಿಮಗೆ ಪುಕ್ಕಟೆ ಸಿಕ್ಕ ಎಚ್ಚರಿಕೆ.

ಕಡಿದ ಜಾಗ ಹುಡುಕೋಣ. ಎಲ್ಲವನ್ನೂ ಪ್ಲಗ್‌ನಿಂದ ಬಿಡಿಸಿ, ಕೇಬಲ್ಲಿನ ಗಾಡಿ ಕಡೆಯ ತುದಿ ಮಾತ್ರ ಗಾಡಿಯಲ್ಲೇ ಇರಲಿ. ಮನೆ ಕಡೆಯ ಪ್ಲಗ್‌ನ ಅರ್ಥ್ ಪಿನ್‌ಗೂ ಗಾಡಿಯ ಬಣ್ಣವಿಲ್ಲದ ಲೋಹಕ್ಕೂ ಮಲ್ಟಿಮೀಟರ್‌ನಲ್ಲಿ ಓಮ್ ನೋಡಿ. ಒಂದು ಓಮ್‌ಗಿಂತ ಕಡಿಮೆ ಬಂದರೆ ಗಾಡಿ, ಕೇಬಲ್ ಎರಡೂ ಸರಿ, ತಪ್ಪು ಮನೆ ಕಡೆಯದು. ನಾನು ನೋಡಿದ ಹೆಚ್ಚಿನ ಕೇಸುಗಳಲ್ಲಿ ಕಳ್ಳ ಸಿಕ್ಕಿದ್ದು ನಡುವೆ ಸಿಕ್ಕಿಸಿದ್ದ ಎರಡು ಪಿನ್‌ನ ಅಡಾಪ್ಟರ್‌ನಲ್ಲೋ ಹಳೆಯ ಎಕ್ಸ್‌ಟೆನ್ಷನ್ ಬಾಕ್ಸ್‌ನಲ್ಲೋ. ಮನೆಯ ಸಾಕೆಟ್‌ಗೆ ಮೂರು ದೀಪದ ಸಾಕೆಟ್ ಟೆಸ್ಟರ್ ಚುಚ್ಚಿ ನೋಡಬಹುದು. ಅರ್ಥ್ ಇಲ್ಲವೇ ಇಲ್ಲ ಅನ್ನುವುದನ್ನು ಅದು ಹೇಳುತ್ತದೆ. ಇರುವ ಅರ್ಥ್ ಗಟ್ಟಿಯೋ ಟೊಳ್ಳೋ ಹೇಳುವುದಿಲ್ಲ. ಅದಕ್ಕೆ ಎಲೆಕ್ಟ್ರಿಷಿಯನ್ ತಮ್ಮ ಮೀಟರ್ ತಂದು ಅಳೆಯಬೇಕು. ನಿಯಾನ್ ದೀಪದ ಸ್ಕ್ರೂಡ್ರೈವರ್ ಟೆಸ್ಟರನ್ನು ಈ ಕೆಲಸಕ್ಕೆ ನಂಬಬೇಡಿ. ಅದು ಸಣ್ಣ ಸೋರಿಕೆಗೂ ಮಿಣುಕುತ್ತದೆ, ಪೂರ್ತಿ ಫೇಸ್‌ಗೂ ಮಿಣುಕುತ್ತದೆ.

ಗಾಡಿ ಪಕ್ಕ ಒಂದು ಕಬ್ಬಿಣದ ಸಲಾಕೆ ಹೊಡೆದು ತಂತಿ ಕಟ್ಟಿದರೆ ಆಗಲ್ವಾ ಅಂತ ಕೆಲವರು ಕೇಳುತ್ತಾರೆ. ಆಗಲ್ಲ. ಅಂಥ ಸಲಾಕೆಗೆ 50 ಓಮ್ ತಡೆ ಇದ್ದರೂ, ಫೇಸ್ ಬಾಡಿಗೆ ತಗುಲಿದಾಗ ಅದರಲ್ಲಿ ಹರಿಯುವುದು 4.6 ಆಂಪ್ ಮಾತ್ರ. 16 ಆಂಪ್‌ನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್) ಅದನ್ನು ಗಮನಿಸುವುದೂ ಇಲ್ಲ. ಬಾಡಿಯಲ್ಲಿ ಕರೆಂಟ್ ಹಾಗೇ ಉಳಿಯುತ್ತದೆ.

ಮನೆಯಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್, ಇದೆಯೇ? ಇಲ್ಲದಿದ್ದರೆ ಈ ಸಾಕೆಟ್‌ಗಾದರೂ ಹಾಕಿಸಿ. ಇದೆ ಅಂತ ಅರ್ಥಿಂಗ್ ಮರೆಯಬೇಡಿ. ಅರ್ಥಿಂಗ್ ಇದ್ದರೆ ದೋಷ ಹುಟ್ಟಿದ ಕ್ಷಣವೇ ಅದು ಟ್ರಿಪ್ ಆಗುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟುವ ತನಕ ಕಾಯುತ್ತದೆ, ಆ ಯಾರಾದರೂ ಮಕ್ಕಳೂ ಆಗಬಹುದು. ಇನ್ನೊಂದು ಮಾತು: ಅದರ ಟೆಸ್ಟ್ ಬಟನ್ ಅರ್ಥ್ ತಂತಿಯನ್ನು ಬಳಸುವುದೇ ಇಲ್ಲ. ಬಟನ್ ಒತ್ತಿದಾಗ ಟ್ರಿಪ್ ಆಯಿತು ಅಂದರೆ ಆರ್‌ಸಿಸಿಬಿ ಬದುಕಿದೆ ಅಂತ ಮಾತ್ರ ಅರ್ಥ.

ಪ್ರಶ್ನೆ: 25 ಮೀಟರ್ ಕೇಬಲ್ ಡ್ರಮ್ ಇದೆ. ನನಗೆ ಬೇಕಿರುವುದು 6 ಮೀಟರ್ ಮಾತ್ರ. ಉಳಿದದ್ದನ್ನು ಸುತ್ತಿದಂತೆಯೇ ಬಿಡಬಹುದೇ? ಏಸಿ ಹಾಕಿದಾಗ ಪ್ಲಗ್ ಸಹ ಬಿಸಿಯಾಗುತ್ತದೆ.

ಉತ್ತರ: ಬಿಡಬೇಡಿ. 1.5 ಚದರ ಮಿಲಿಮೀಟರ್‌ನ ತಾಮ್ರದ ಕೇಬಲ್ 25 ಮೀಟರ್ ಇದ್ದರೆ ಹೋಗಿಬರುವ ದಾರಿಯ ತಡೆ ಸುಮಾರು 0.6 ಓಮ್. 10 ಆಂಪ್ ಎಳೆದರೆ ಕೇಬಲ್ಲಿನಲ್ಲೇ 60 ವ್ಯಾಟ್ ಬಿಸಿ. ಹರಡಿ ಬಿಟ್ಟರೆ ಗಾಳಿಗೆ ಹೋಗುತ್ತದೆ. ಸುತ್ತಿಟ್ಟರೆ, ಹಳೆಯ 60 ವ್ಯಾಟ್ ಬಲ್ಬೊಂದನ್ನು ಕಂಬಳಿಯಲ್ಲಿ ಸುತ್ತಿದ ಹಾಗೆ. ಒಳಸುತ್ತಿನ ಪ್ಲಾಸ್ಟಿಕ್ ಮೆತ್ತಗಾಗಿ ತಂತಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪೂರ್ತಿ ಬಿಚ್ಚಿ. ಹೊಸದು ಕೊಳ್ಳುವುದಾದರೆ 2.5 ಚದರ ಮಿಲಿಮೀಟರ್‌ನದ್ದೇ ಕೊಳ್ಳಿ, ಬೇಕಾದಷ್ಟೇ ಉದ್ದ.

ಪ್ಲಗ್‌ನ ಬಿಸಿ ಬೇರೆ ಕಥೆ. ಪಿನ್ ಸಡಿಲವಾಗಿ 0.1 ಓಮ್ ತಡೆ ಬಂದರೂ 10 ಆಂಪ್‌ನಲ್ಲಿ 10 ವ್ಯಾಟ್ ಬಿಸಿ ಆ ಬೆರಳಗಲ ಜಾಗದಲ್ಲೇ ಕೂಡಿಬೀಳುತ್ತದೆ. ಎಂಸಿಬಿಗೆ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಕರೆಂಟ್ ಜಾಸ್ತಿಯಾಗಿಲ್ಲ. ಅರ್ಧ ಗಂಟೆ ಓಡಿಸಿ ಪ್ಲಗ್ ಮುಟ್ಟಿ ನೋಡಿ. ಉಗುರು ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಟ್ಟರೆ ಸಾಕೆಟ್, ಪ್ಲಗ್ ಎರಡನ್ನೂ ಬದಲಿಸಿ. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ. ಮನೆಯ ಮಾಮೂಲಿ ಸಾಕೆಟ್ ಗಂಟೆಗಟ್ಟಲೆ ಪೂರ್ತಿ ಲೋಡ್ ಹೊರಲು ಅಂತ ಮಾಡಿದ್ದಲ್ಲ. 230 ವೋಲ್ಟ್‌ನಲ್ಲಿ 10 ಆಂಪ್ ಅಂದರೆ 2300 ವ್ಯಾಟ್. ಏಸಿ ಓಡುವಾಗ ಕೆಟಲ್ ಹಾಕಬೇಡಿ. ಅಡಾಪ್ಟರ್ ಇದೆಯಲ್ಲ ಅನ್ನಬೇಡಿ, ಅದು ಪಿನ್ನಿನ ಆಕಾರ ಬದಲಿಸುತ್ತದೆ, ತಂತಿಯ ದಪ್ಪವನ್ನಲ್ಲ.

ಪ್ರಶ್ನೆ: ಆರು ತಿಂಗಳು ಸುಮ್ನೆ ನಿಂತಿದ್ದ ಗಾಡಿ. ಈಗ ಚುಚ್ಚಿದ ಕೂಡಲೇ ಮನೆಯ ಆರ್‌ಸಿಸಿಬಿ ಟ್ರಿಪ್ ಆಗುತ್ತದೆ. ಅರ್ಥ್ ತಂತಿ ಬಿಡಿಸಿದರೆ ನಿಲ್ಲುತ್ತದಂತೆ?

ಉತ್ತರ: ನಿಲ್ಲುತ್ತದೆ. ಹೊಗೆ ಅಲಾರಂನ ಬ್ಯಾಟರಿ ತೆಗೆದರೆ ಅದೂ ಕೂಗುವುದು ನಿಲ್ಲಿಸುತ್ತದೆ. ದಯವಿಟ್ಟು ಬಿಡಿಸಬೇಡಿ. ಮೊದಲ ಅನುಮಾನ ನೀರಿನ ಹೀಟರ್ ಮತ್ತು ಫ್ರಿಜ್‌ನ ಹೀಟಿಂಗ್ ಎಲಿಮೆಂಟ್ ಮೇಲೆ. ಅದರೊಳಗಿನ ಮೆಗ್ನೀಸಿಯಂ ಆಕ್ಸೈಡ್ ಪುಡಿ ಬಳಸದೆ ಇದ್ದಾಗ ಗಾಳಿಯ ತೇವ ಹೀರಿಕೊಂಡು ಸೋರಲು ಶುರುಮಾಡುತ್ತದೆ. ಎಲ್ಲ ಉಪಕರಣಗಳನ್ನೂ ಕಳಚಿ, ಒಂದೊಂದಾಗಿ ಸೇರಿಸುತ್ತಾ ಹೋಗಿ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು. ಹೆಚ್ಚಿನ ಸ್ವಿಚ್‌ಗಳು ಫೇಸ್ ಮಾತ್ರ ಕಡಿಯುತ್ತವೆ, ನ್ಯೂಟ್ರಲ್ ಅರ್ಥ್‌ಗೆ ತಗುಲಿದ್ದರೂ ಆರ್‌ಸಿಸಿಬಿ ಬೀಳುತ್ತದೆ. ಎಲ್ಲ ಕಳಚಿದ ಮೇಲೂ ಬಿದ್ದರೆ ಇನ್ವರ್ಟರ್ ಕಡೆ ನೋಡಿಸಿ. ಕೆಲವು ಇನ್ವರ್ಟರ್‌ಗಳು ನ್ಯೂಟ್ರಲ್, ಅರ್ಥ್ ಎರಡನ್ನೂ ಒಳಗೇ ಸೇರಿಸಿರುತ್ತವೆ. ಮನೆಯ ಕರೆಂಟ್ ಬಂದಾಗ ಆ ಜೋಡಣೆ ಬಿಟ್ಟುಕೊಳ್ಳಬೇಕು.

30 ಮಿಲಿಆಂಪ್ ಬದಲು 100 ಮಿಲಿಆಂಪ್‌ನದ್ದು ಹಾಕಿಕೊಡುತ್ತೇವೆ ಅನ್ನುವವರೂ ಇದ್ದಾರೆ. ಅದು ಬೆಂಕಿ ತಪ್ಪಿಸಲು, ಮನುಷ್ಯರನ್ನು ಉಳಿಸಲು ಅಲ್ಲ.

ಪ್ರಶ್ನೆ: ಕೇಬಲ್ ಯಾವ ತುದಿಯಿಂದ ಮೊದಲು ಸೇರಿಸಬೇಕು?

ಉತ್ತರ: ಮೊದಲು ಗಾಡಿಗೆ, ಆಮೇಲೆ ಮನೆಗೆ. ತೆಗೆಯುವಾಗ ಉಲ್ಟಾ. ಇಲ್ಲದಿದ್ದರೆ ಕರೆಂಟ್ ಇರುವ ತುದಿಯನ್ನು ಕೈಯಲ್ಲಿ ಹಿಡಿದು ಹುಲ್ಲಿನ ಮೇಲೆ ಓಡಾಡಬೇಕಾಗುತ್ತದೆ. ಎರಡೂ ಕಡೆ ಪಿನ್ ಇರುವ ಕೇಬಲ್ ಯಾರಾದರೂ ಮಾಡಿಕೊಟ್ಟಿದ್ದರೆ ಇವತ್ತೇ ಕತ್ತರಿಸಿ ಬಿಸಾಡಿ.