360 ಕಿ.ಮೀ. ರೈಲಿನ ಲೆಕ್ಕ: ಸಮೀಕರಣ ಬರೆಯುವುದು ಹೇಗೆ?

10ನೇ ತರಗತಿಯ ಮಗಳು ರೈಲಿನ ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದಾಳೆ, ಉತ್ತರ ಕೊಡುವ ಆ್ಯಪ್ ಯಾವುದು ಎಂದು ಕೇಳಿದ್ದೀರಿ. ಅವಳಿಗೆ ಕಷ್ಟವಾಗಿರುವುದು ಸಮೀಕರಣ ಬರೆಯುವುದು, ಅಲ್ವಾ? ಆ್ಯಪ್ ಅದನ್ನು ಸುಮ್ನೆ ಬರೆದುಕೊಟ್ಟುಬಿಡುತ್ತದೆ. ಇಲ್ಲೇ ಬಿಡಿಸೋಣ.

ರೈಲು 360 ಕಿ.ಮೀ. ಒಂದೇ ವೇಗದಲ್ಲಿ ಹೋಗುತ್ತದೆ. ವೇಗ ಗಂಟೆಗೆ 5 ಕಿ.ಮೀ. ಜಾಸ್ತಿ ಇದ್ದಿದ್ದರೆ 1 ಗಂಟೆ ಉಳಿಯುತ್ತಿತ್ತು. ವೇಗ ಎಷ್ಟು?

ಮಕ್ಕಳು ವೇಗವನ್ನೇ ನೋಡುತ್ತಾ ಕೂರುತ್ತಾರೆ. ಆದರೆ ಇಲ್ಲಿ ಹೋಲಿಸಿರುವುದು ಎರಡು ಸಮಯಗಳನ್ನು. ದೂರವನ್ನು ವೇಗದಿಂದ ಭಾಗಿಸಿದರೆ ಸಮಯ. ವೇಗ ‘ವ’ ಎಂದುಕೊಂಡರೆ ಮೊದಲ ಸಮಯ 360/ವ, ಎರಡನೆಯದು 360/(ವ+5). ಮೊದಲನೆಯದೇ ದೊಡ್ಡದು, ವ್ಯತ್ಯಾಸ 1. ಅಂದರೆ 360/ವ − 360/(ವ+5) = 1. ಛೇದ ತೆಗೆದರೆ ವ² + 5ವ − 1800 = 0. ಗುಣಿಸಿದರೆ 1800, ಕಳೆದರೆ 5 ಬರುವ ಜೋಡಿ 45 ಮತ್ತು 40. ಮೂಲಗಳು 40 ಮತ್ತು −45. ವೇಗ ಋಣ ಸಂಖ್ಯೆ ಆಗುವುದಿಲ್ಲ, ಹಾಗಾಗಿ ಗಂಟೆಗೆ 40 ಕಿ.ಮೀ. ತಾಳೆ ನೋಡಿ: 40ರಲ್ಲಿ 9 ಗಂಟೆ, 45ರಲ್ಲಿ 8 ಗಂಟೆ.

ಇಂಥದ್ದೇ ಇನ್ನೊಂದು ಲೆಕ್ಕ ಅವಳೇ ಮಾಡಲಿ. ಎಲ್ಲಿ ನಿಂತಳೋ ಆ ಸಾಲನ್ನು ಬರೆದು ಕಳಿಸಿ, ಅಲ್ಲಿಂದ ಹೇಳಿಕೊಡುತ್ತೇನೆ.